ಒಲೆಗೆ ಹಾಕಿದ್ದು ಯಾರು

ಜಪಾನಿನಲ್ಲಿ ಕೆಲಸ ಬಿಟ್ಟು ಹೋಗುವವರು ತಮ್ಮ ಜಾಗಕ್ಕೆ ಬರುವವರಿಗೆ ಎಲ್ಲವನ್ನೂ ಬರೆದಿಟ್ಟು ಹೋಗಬೇಕು. ಹಿಕಿತ್ಸುಗಿ ಎನ್ನುತ್ತಾರೆ ಅದನ್ನು. ನಿವೃತ್ತಿಯ ವಾರ ನಾನೂ ಹನ್ನೊಂದು ಪುಟ ಬರೆದೆ. ಯಾವ ಕಪಾಟಿನಲ್ಲಿ ಯಾವ ಟೇಪಿದೆ, ಯಾವ ಬೀಗದ ಕೈಯನ್ನು ತುಸು ಎತ್ತಿ ತಿರುಗಿಸಬೇಕು, ಪ್ರಿಂಟರ್ ಮುನಿಸಿಕೊಂಡಾಗ ಎಲ್ಲಿ ತಟ್ಟಬೇಕು, ಎಲ್ಲವೂ ಅದರಲ್ಲಿತ್ತು. ನನ್ನ ಕುರ್ಚಿಗೆ ಬಂದವಳು ಪಲ್ಲವಿ. ಬೆಂಗಳೂರಿನವಳು, ಇಲ್ಲೇ ಡಾಕ್ಟರೇಟ್ ಮಾಡಿದವಳು. ಓದಿ ಮುಗಿಸಿ ಹೇಳಿದಳು: "ಆಂಟಿ, ಫೈಲ್ಸ್ ಎಲ್ಲೆಲ್ಲಿವೆ ಅಂತ ಸೂಪರ್ ಆಗಿ ಬರ್ದಿದೀರಾ. ಆದ್ರೆ ಏನ್ ಮಾಡ್ಬಾರ್ದು ಅಂತ ಒಂದ್ ಲೈನೂ ಇಲ್ಲ."

ಅವಳು ಹೇಳಿದ್ದು ನಿಜ. ಮಾಡಬಾರದ್ದನ್ನು ನಾನು ಮಾಡಿದ್ದೆ, ಅದನ್ನು ಬರೆಯುವ ಧೈರ್ಯ ಬಂದಿರಲಿಲ್ಲ. ಈಗ ಬರೆಯುತ್ತಿದ್ದೇನೆ, ಪಲ್ಲವಿಗೂ ಅವಳ ನಂತರ ಈ ಕೆಲಸಕ್ಕೆ ಬರುವವರಿಗೂ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಟೋಕಿಯೋದ ಒಂದು ವಿಶ್ವವಿದ್ಯಾಲಯದಲ್ಲಿ ನಮ್ಮದು ಮೂರನೆಯ ಮಹಡಿಯ ಚಿಕ್ಕ ಕೊಠಡಿ. ಮೂಲನಿವಾಸಿಗಳು ತಾವೇ ಹೇಳಿದ, ತಾವೇ ಬರೆದ ಬದುಕಿನ ಕಥೆಗಳನ್ನು ಅಲ್ಲಿ ಕೂಡಿಡುತ್ತಿದ್ದೆವು. ಒಂದು ಗೋಡೆಯ ಕಪಾಟಿನಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಥೆಗಳು, ಎದುರು ಗೋಡೆಯಲ್ಲಿ ಜಪಾನಿನ ಉತ್ತರದ ತುದಿಯ ಹೊಕ್ಕೈದೊ ದ್ವೀಪದ ಐನು ಜನರ ಕಥೆಗಳು. ಎರಡೂ ಕಡೆ ಆಳುವವರು ಮಕ್ಕಳನ್ನು ಹಿಡಿದು ತಮ್ಮಂತೆ ಮಾಡಲು ಹೊರಟಿದ್ದರು. ಮಾತು ಬಿಡಿಸುವುದು, ಹೆಸರು ಬದಲಿಸುವುದು, ಮನೆಯ ದೇವರನ್ನು ತೆಗೆಸುವುದು. ಹೇಳಿದವರ ಧ್ವನಿಯನ್ನು ಕೇಳಿ ಬರೆಯುವುದು ನನ್ನ ಕೆಲಸ. ಬರೆದಾದ ಮೇಲೆ ಮತ್ತೆ ಅವರ ಮನೆಗೆ ಹೋಗಿ ಅಷ್ಟನ್ನೂ ಗಟ್ಟಿಯಾಗಿ ಓದಿ ಒಪ್ಪಿಸಬೇಕು. ಅವರು ಸರಿ ಎಂದ ವಾಕ್ಯ ಉಳಿಯುತ್ತದೆ, ಬೇಡ ಎಂದದ್ದು ಹೋಗುತ್ತದೆ. ಕೊನೆಗೆ 'ಪೂರ್ತಿ ಓದಿದ್ದೇನೆ' ಎಂದು ನಾನು ಸಹಿ ಹಾಕಬೇಕು. ಆ ಸಹಿಯಿಲ್ಲದೆ ಒಂದು ಅಕ್ಷರವೂ ಅಚ್ಚಿಗೆ ಹೋಗುವಂತಿರಲಿಲ್ಲ.

ದಾವಣಗೆರೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ನನಗೆ ಈ ಕೆಲಸ ಹೇಗೆ ಸಿಕ್ಕಿತು ಎಂಬುದು ದೊಡ್ಡ ಕಥೆಯೇನಲ್ಲ. ನಮ್ಮ ಮನೆಯವರು ಒಕಾಜಾಕಿಗೆ ಸಂಶೋಧನೆಗೆಂದು ಬಂದರು, ಆಮೇಲೆ ಟೋಕಿಯೋಗೆ ವರ್ಗವಾಗಿ ಫುನಾಬೊರಿಯಲ್ಲಿ ಮನೆ ಮಾಡಿದೆವು. ಇಂಗ್ಲಿಷ್ ಓದಬಲ್ಲ, ಜಪಾನಿ ಮಾತಾಡಬಲ್ಲ, ಕಡಿಮೆ ಸಂಬಳಕ್ಕೆ ಗೊಣಗದ ಯಾರಾದರೂ ಬೇಕು ಎಂದು ಚೀಟಿ ಅಂಟಿಸಿದ್ದರು. ನಾನು ಹೋದೆ. ಇಪ್ಪತ್ತಾರು ವರ್ಷ ಅದೇ ಕುರ್ಚಿ.

ನಾನು ಸ್ವಭಾವದಲ್ಲೇ ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಸ್ಟೇಷನ್ನಿನಿಂದ ವಾಪಸು ಬಂದು ನೋಡಿದ ದಿನಗಳಿಗೆ ಲೆಕ್ಕವಿಲ್ಲ. "ನಿಂಗೆ ಶಾಂತಾ ಅಂತ ಹೆಸರಿಟ್ಟೋರನ್ನ ಹಿಡ್ಕೊಂಡ್ ಬಂದು ಕೇಳ್ಬೇಕು" ಎಂದು ನಮ್ಮವರು ಈಗಲೂ ರೇಗಿಸುತ್ತಾರೆ. ಹೊರಡುವ ಮುಂಚೆ ರೆಕಾರ್ಡರಿನ ಬ್ಯಾಟರಿಯನ್ನು ಮೂರು ಸಲ ನೋಡುತ್ತಿದ್ದೆ. ಅಷ್ಟು ನೋಡಿಯೂ ಒಮ್ಮೆ ಒಬ್ಬ ಮುದುಕ ಮೀನುಗಾರರ ಎದುರು ಇಡೀ ಮಧ್ಯಾಹ್ನ ರೆಕಾರ್ಡಿಂಗ್ ತಡೆಯುವ ಪಾಜ್ ಗುಂಡಿ ಒತ್ತಿಟ್ಟುಕೊಂಡೇ ಕೂತಿದ್ದೆ. ಮರುದಿನ ಹೋಗಿ ತಲೆ ಬಗ್ಗಿಸಿ 'ಸುಮಿಮಾಸೆನ್, ತಪ್ಪಾಯ್ತು, ಇನ್ನೊಮ್ಮೆ ಹೇಳ್ತೀರಾ' ಎಂದು ಬೇಡಿಕೊಂಡೆ. ಅವರು ಬೇರೆಯದೇ ಕಥೆ ಶುರು ಮಾಡಿದರು. ನಿನ್ನೆಯದು ಎಂದು ಕೇಳಿದರೆ, "ಅದು ನಿನ್ನೆ ಹೇಳಾಯ್ತಲ್ಲ" ಎಂದರು. ಅವರ ದೋಣಿಯ ಮೇಲೆ ಅಪ್ಪನ ಹಳೆಯ ಹೆಸರನ್ನು ಯಾರು ಅಳಿಸಿದರು ಎಂಬುದು ಹಾಗೆ ಗಾಳಿಗೆ ಹೋಯಿತು.

ನಮ್ಮ ಮುಖ್ಯಸ್ಥರು ಹಾಯಾಶಿ-ಸಾನ್. ಇಲ್ಲಿಯ 'ಸಾನ್' ನಮ್ಮ 'ಅವರೇ' ಇದ್ದ ಹಾಗೆ. ಒಂದು ದಿನವೂ ಧ್ವನಿ ಏರಿಸಿದವರಲ್ಲ. ಏನಾದರೂ ತಪ್ಪಾಗಿದ್ದರೆ ಕಾಗದ ನೋಡುತ್ತಾ "ಶಾಂತಾ-ಸಾನ್, ಅದು ಸ್ವಲ್ಪ..." ಎಂದು ನಿಲ್ಲಿಸಿಬಿಡುತ್ತಿದ್ದರು. ಆ 'ಸ್ವಲ್ಪ' ಬಂತೆಂದರೆ ಮುಗಿಯಿತು. ಅದರ ಮುಂದಿನ ಮಾತಿಗಾಗಿ ಎರಡು ದಿನ, ಮೂರು ದಿನ ಕಾಯಬೇಕು. ಬೈದು ಕಳಿಸುವ ದಾವಣಗೆರೆಯ ಪ್ರಿನ್ಸಿಪಾಲರೇ ವಾಸಿ ಎನ್ನಿಸುತ್ತಿತ್ತು.

ಅವರ ಮೊದಲ 'ಸ್ವಲ್ಪ' ನನಗೆ ಸಿಕ್ಕಿದ್ದು ಆಸ್ಟ್ರೇಲಿಯಾದ ಒಬ್ಬ ಹೆಂಗಸಿನ ಬರಹದ ವಿಷಯಕ್ಕೆ. ಆರು ವರ್ಷದವಳಿದ್ದಾಗ ಆಕೆಯನ್ನು ತಾಯಿಯ ಮಡಿಲಿನಿಂದ ಎತ್ತಿಕೊಂಡು ಹೋಗಿ ಪಾದ್ರಿಗಳು ನಡೆಸುತ್ತಿದ್ದ ವಸತಿಗೃಹದಲ್ಲಿ ಬಿಟ್ಟಿದ್ದರು. ತಲೆ ಬೋಳಿಸಿದರು. ಅಮ್ಮನ ಭಾಷೆಯಲ್ಲಿ ಮಾತಾಡಿದರೆ ಬಾಯಿಗೆ ಸೋಪು. ದಿನಕ್ಕೆ ಮೂರು ಸಲ ಮಂಡಿಯೂರಿ ಪ್ರಾರ್ಥನೆ. ಅದೇ ಹೆಂಗಸು ಮುಂದೆ ತಾಯಿ ಸತ್ತಾಗ ಗುಂಡಿಯ ಬದಿಯಲ್ಲಿ ನಿಂತು ಆ ವಸತಿಗೃಹದಲ್ಲಿ ಕಲಿತ ಕೀರ್ತನೆಯನ್ನೇ ತಾಯಿಯ ಭಾಷೆಗೆ ತಿರುಗಿಸಿ ಹಾಡಿದಳು. ಹಿರಿಯರ ಪದ್ಧತಿಯಂತೆ ಸೊಪ್ಪಿನ ಹೊಗೆಯನ್ನೂ ಹಾಕಿದಳು. ಪ್ರತಿ ಕಥೆಗೂ ನಾನು ಬರೆದಿಡುತ್ತಿದ್ದ ಸೂಚಿ ಕಾರ್ಡಿನಲ್ಲಿ ಎರಡೇ ಖಾನೆ: 'ಬಲವಂತ', 'ಸ್ವಂತ ಇಚ್ಛೆ'. ನಾನು ಕೀರ್ತನೆಯನ್ನು ಬಲವಂತದ ಖಾನೆಗೆ, ಹೊಗೆಯನ್ನು ಇಚ್ಛೆಯ ಖಾನೆಗೆ ಹಾಕಿ ಅಚ್ಚುಕಟ್ಟಾಗಿ ಒಪ್ಪಿಸಿದೆ.

"ಅದು ಸ್ವಲ್ಪ..." ಎಂದರು ಹಾಯಾಶಿ-ಸಾನ್. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಲಿಫ್ಟಿನ ಮುಂದೆ ನಿಂತಾಗ ಕೇಳಿದರು:

"ಆ ಹಾಡು ಯಾರದು?"

"ಪಾದ್ರಿಗಳದು."

"ಅಮ್ಮನ ಹೆಣದ ಮುಂದೆ ಹಾಡಿದಾಗಲೂ?"

ವಾಪಸು ಬಂದು ಆ ಎರಡು ಖಾನೆಗಳನ್ನು ಹೊಡೆದು ಹಾಕಿ ಮುನ್ನೂರು ಕಾರ್ಡುಗಳನ್ನು ಹೊಸದಾಗಿ ಬರೆದೆ. ಅನ್ಯಾಯ ಆದವರೆಲ್ಲ ನಮ್ಮ ಅನುಕೂಲಕ್ಕೆ ಬರೀ ಅನ್ಯಾಯ ಆದವರಾಗಿಯೇ ಕೂತಿರುವುದಿಲ್ಲ ಎಂದು ಅವತ್ತು ಕಲಿತೆ ಎಂದುಕೊಂಡೆ. ಕಲಿತಿರಲಿಲ್ಲ.

ಕಿಕು-ಸಾನ್ ಮನೆಗೆ ನಾನು ಮೊದಲು ಹೋದದ್ದು ಆರು ವರ್ಷದ ಹಿಂದೆ. ಹೊಕ್ಕೈದೊದಲ್ಲಿ ನದಿಯ ಬದಿಯ ಚಿಕ್ಕ ಊರು. ಆಗಲೇ ಎಂಬತ್ತು ದಾಟಿದ ಐನು ಅಜ್ಜಿ, ಗಿಡ್ಡ, ಗಟ್ಟಿ. ನಡುಮನೆಯಲ್ಲಿ ಕಟ್ಟಿಗೆ ಒಲೆ ಉರಿಯುತ್ತಿತ್ತು. ನನ್ನನ್ನು ಕೂರಿಸುವ ಮುಂಚೆ ಒಂದು ಬಟ್ಟಲಿನಲ್ಲಿ ಅಕ್ಕಿಯ ಮದ್ಯ ತಂದು, ಒಂದು ಕಡ್ಡಿಯ ತುದಿ ಅದ್ದಿ, ಬೆಂಕಿಗೆ ಮೂರು ಹನಿ ಬಿಟ್ಟರು. "ಯಾರ್ ಬಂದಿದಾರೆ ಅಂತ ಬೆಂಕಿ ಅಜ್ಜಿಗೆ ಹೇಳ್ಬೇಕಲ್ಲ. ಮನೇಲಿ ಆಡಿದ ಮಾತನ್ನ ಮಿಕ್ಕ ದೇವರಿಗೆಲ್ಲ ತಲುಪಿಸೋಳು ಅವಳೇ" ಎಂದರು. ನಾನು ಏನೂ ಯೋಚಿಸದೆ ಎರಡೂ ಕೈಯನ್ನು ಉರಿಯ ಮೇಲೆ ಹಿಡಿದು ಕಣ್ಣಿಗೊತ್ತಿಕೊಂಡೆ, ಮಂಗಳಾರತಿ ತೆಗೆದುಕೊಳ್ಳುವ ಹಾಗೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ನನ್ನ ಮೊಣಕೈ ಹಿಡಿದುಕೊಂಡು ಕೇಳಿದರು: "ನಿಮ್ಮ ಕಡೇನೂ ಕೇಳಿಸ್ಕೊಳ್ತಾಳಾ?" ಹೌದೆಂದೆ. ಅದೇ ಗೋಡೆಯಲ್ಲಿ ಗಂಡನ ಫೋಟೋ ಇಟ್ಟ ಬೌದ್ಧ ಪೀಠವೂ ಇತ್ತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಅವರು ಗುನುಗುತ್ತಿದ್ದದ್ದು ಕ್ರೈಸ್ತರ ಹಾಡು. ನನ್ನ ಮುಖ ನೋಡಿ, "ನಮ್ಮ ಮನೇಲಿ ದೇವರುಗಳು ಜಗಳ ಆಡಲ್ಲ. ಜಗಳ ಎಲ್ಲಾ ಶಾಲೇಲಿ ಶುರುವಾಗಿದ್ದು" ಎಂದರು.

ಆ ದಿನ ಅವರು ಹೇಳಿದ ಕಥೆ ಇದು. ಅವರಿಗೆ ಆಗ ಎಂಟು ವರ್ಷ. ಮನೆಯ ಒಳಮೂಲೆಯಲ್ಲಿ ಒಂದು ಇನಾವ್ ನಿಂತಿತ್ತು. ಇನಾವ್ ಎಂದರೆ ಹಸಿ ಕೋಲಿನ ಮೈಯನ್ನು ಚಾಕುವಿನಿಂದ ಹೆರೆದು ಗುಂಗುರು ಗುಂಗುರಾಗಿ ಇಳಿಬಿಟ್ಟದ್ದು. ಅದು ಮನೆ ಕಾಯುವ ದೇವರು. ಗಂಡಸರೇ ಹೆರೆಯಬೇಕು. ಕಿಕು-ಸಾನ್ ತಾತ ಅದನ್ನು ಹೆರೆದು ಆ ವರ್ಷವೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದವರಲ್ಲಿ ಅಜ್ಜಿಯೇ ಹಿರಿಯರು. ಐನು ಮಾತಿನಲ್ಲಿ ಅಜ್ಜಿಗೆ ಫುಚಿ. ಫುಚಿಯ ತುಟಿಯ ಸುತ್ತ ಹಳೆಯ ಕಾಲದ ಹಚ್ಚೆಯಿತ್ತು, ಹೊರಗಿನವರು ಬಂದರೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಮೇಷ್ಟ್ರು ಹೇಳಿದರು: ಸುಧಾರಿಸಿದ ಮನೆಯಲ್ಲಿ ಒಂದೇ ಪೂಜೆಯ ಗೂಡು ಇರಬೇಕು, ಶಾಲೆ ಕೊಟ್ಟದ್ದು. ಆ ಹೆರೆದ ಕೋಲುಗಳನ್ನು ಯಾರು ತಂದು ಶಾಲೆಯ ಒಲೆಗೆ ಹಾಕುತ್ತಾರೋ ಅವರ ಹೆಸರಿನ ಮುಂದೆ ಕೆಂಪು ಶಾಯಿಯ ಹೂವು.

ಟೇಪಿನಲ್ಲಿ ಅವರು ಹೇಳಿದ ಮಾತು ಹೀಗಿದೆ: "ನಾನೇ ತಗೊಂಡ್ ಹೋದೆ. ಕೋಟಿನ ಒಳಗಿಟ್ಕೊಂಡು. ನಾನೇ ಒಲೆಗೆ ಹಾಕ್ದೆ. ಯಾರೂ ನನ್ನ ಕೈ ಹಿಡೀಲಿಲ್ಲ. ನಂಗೆ ಹೂವು ಬೇಕಿತ್ತು." ಮನೆಗೆ ಬಂದಾಗ ಫುಚಿ ಖಾಲಿ ಮೂಲೆಯನ್ನು ನೋಡುತ್ತಾ ಕೂತಿದ್ದರಂತೆ. ಬೈಯಲಿಲ್ಲ. ಎಲ್ಲಿ ಹಾಕಿದೆ ಎಂದು ಮಾತ್ರ ಕೇಳಿದರು. ಒಲೆಗೆ ಎಂದಾಗ, "ಬೆಂಕಿಗೆ ತಾನೆ. ಅವಳು ತಲುಪಿಸ್ತಾಳೆ ಬಿಡು" ಎಂದರು. ಇನ್ನೊಂದು ಹೆರೆಯಲು ಮನೆಯಲ್ಲಿ ಗಂಡಸರಿರಲಿಲ್ಲ. ಫುಚಿ ಸಾಯುವವರೆಗೂ ಆ ಮೂಲೆ ಖಾಲಿಯೇ ಇತ್ತು.

ಅವರ ಮಗಳು ಮಿಚಿಕೊ-ಸಾನ್ ಅವತ್ತು ಅಂಗಡಿ ಕೆಲಸಕ್ಕೆ ಹೋಗಿದ್ದರು. ಈ ಮಾತು ಅವರಿಗೆ ಗೊತ್ತಿರಲಿಲ್ಲ. ಅವರು ಶಾಲೆ ಶಾಲೆಗೆ ಹೋಗಿ ಐನು ಜನರ ಮೇಲಾದ ಬಲವಂತದ ಬಗ್ಗೆ ಮಕ್ಕಳಿಗೆ ಹೇಳುವವರು. ಅವರ ಭಾಷಣವನ್ನು ನಾನೇ ಕೇಳಿದ್ದೇನೆ. ಅದರಲ್ಲಿ ಒಂದು ವಾಕ್ಯ: "ನನ್ನ ಅಮ್ಮನ ಪುಟ್ಟ ಕೈಯನ್ನು ಹಿಡಿದು ಮೇಷ್ಟ್ರು ನಮ್ಮ ಮನೆ ದೇವರನ್ನು ಸುಡಿಸಿದರು." ಅಮ್ಮ ಅರ್ಧ ಹೇಳಿದ್ದರು, ಮಗಳು ಮಿಕ್ಕದ್ದನ್ನು ತುಂಬಿಕೊಂಡಿದ್ದರು. ಅಮ್ಮ ತಿದ್ದಿರಲಿಲ್ಲ.

ನಾನು ಬರೆಯುವಾಗ ಏನು ಮಾಡಿದೆ ಗೊತ್ತೇ? 'ನಾನೇ ಹಾಕಿದೆ' ಎಂಬುದನ್ನು ತೆಗೆದು 'ಮೇಷ್ಟ್ರು ನನ್ನ ಕೈಯಿಂದ ಹಾಕಿಸಿದರು' ಎಂದು ಬರೆದೆ. ಕೆಂಪು ಹೂವನ್ನೂ ತೆಗೆದೆ. ಅಮ್ಮ ಮಗಳ ಮಧ್ಯೆ ಯಾಕೆ ಕಲ್ಲು ಹಾಕಲಿ ಎಂದುಕೊಂಡೆ. ಮುದುಕಿಗೆ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡೆ. ಎಂಟು ವರ್ಷದ ಮಗುವಿನದೇನು ತಪ್ಪು, ಹೇಗೂ ಮಾಡಿಸಿದ್ದು ಮೇಷ್ಟ್ರೇ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುವರ್ಷ ಓದಿ ಒಪ್ಪಿಸಲು ಹೋದಾಗ ಮಿಚಿಕೊ-ಸಾನ್ ಪಕ್ಕದಲ್ಲೇ ಕೂತಿದ್ದರು. ಆ ವಾಕ್ಯ ಬಂತು. ನನ್ನ ವಾಕ್ಯವನ್ನೇ ಓದಿದೆ. ಆಲೂಗಡ್ಡೆ ಹೆರೆಯುತ್ತಿದ್ದ ಕಿಕು-ಸಾನ್ ಕೈ ನಿಂತಿತು. ನನ್ನನ್ನು ನೋಡಿದರು, ಒಲೆಯನ್ನು ನೋಡಿದರು, ಏನೂ ಹೇಳಲಿಲ್ಲ. ಮುಂದೆ ಓದಿದೆ. ಕೊನೆಗೆ ಸಹಿ ಹಾಕಿದೆ.

ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಅದಕ್ಕೂ ಒಂದು ಹಿನ್ನೆಲೆ ಇದೆ. ನನ್ನ ಮಗಳು ಮೇಘನಾಗೆ ಹನ್ನೊಂದನೆಯ ತಿಂಗಳಲ್ಲಿ ಊರಿನಲ್ಲೇ ಕಿವಿ ಚುಚ್ಚಿಸಿದ್ದೆವು. ಅವಳ ಎರಡು ಪುಟ್ಟ ಓಲೆಗಳನ್ನು ಮಾಡಿಸಿದ್ದು ನನ್ನ ಅಮ್ಮ. ಇಲ್ಲಿ ಶಿಶುವಿಹಾರಕ್ಕೆ ಸೇರಿಸುವ ಹಿಂದಿನ ದಿನ ಬೇರೆ ಯಾವ ಮಗುವಿಗೂ ಓಲೆಯಿಲ್ಲವೆಂದು ನೋಡಿ, ಯಾರೇನಂದಾರೋ ಎಂಬ ಅಂಜಿಕೆಯಲ್ಲಿ ನಾನೇ ಬಿಚ್ಚಿದೆ. ಅಲ್ಲಿಯ ಟೀಚರು, ಸೆನ್ಸೇ, ಒಂದು ಮಾತೂ ಹೇಳಿರಲಿಲ್ಲ. ತೂತು ಮುಚ್ಚಿಕೊಂಡಿತು. ಅಮ್ಮ ಫೋನಿನಲ್ಲಿ, "ಹೆಣ್ ಮಗೀನ ಕಿವಿ ಬೋಳು ಮಾಡಿದ್ಯಲ್ಲೇ" ಎಂದು ಅತ್ತಾಗ, "ಸ್ಕೂಲಿನ ರೂಲ್ಸ್ ಕಣಮ್ಮ, ನಾನೇನ್ ಮಾಡ್ಲಿ" ಎಂದುಬಿಟ್ಟೆ. ಅಮ್ಮ ತೀರಿಕೊಳ್ಳುವವರೆಗೂ ಆ ಶಾಲೆಯನ್ನು ಬೈಯುತ್ತಲೇ ಇದ್ದಳು. ನಾನು ಹೂಂ ಎನ್ನುತ್ತಲೇ ಇದ್ದೆ. ಮಾಡಿದ್ದನ್ನು ಇನ್ನೊಬ್ಬರ ತಲೆಗೆ ಕಟ್ಟುವ ಸುಖ ನನಗೆ ಹೊಸದಲ್ಲ.

ಹೋದ ಚಳಿಗಾಲದಲ್ಲಿ ನಿವೃತ್ತಳಾದೆ. ಹೂಗುಚ್ಛ ಕೊಟ್ಟರು, ಅತ್ತುಬಿಟ್ಟೆ, ಮನೆಗೆ ಬಂದೆ. ಮೂರು ವಾರ ಕಳೆದಿರಬೇಕು, ಒಂದು ಭಾನುವಾರ ಬೆಳಿಗ್ಗೆ ಪಲ್ಲವಿ ಲ್ಯಾಪ್‌ಟಾಪ್ ಹಿಡಿದು ಫುನಾಬೊರಿಗೆ ಬಂದಳು. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ.

"ಆಂಟಿ, ಐನು ಕಥೆಗಳ ಬುಕ್ ಪ್ರೂಫ್ ಬಂದಿದೆ. ಶುಕ್ರವಾರ ಪ್ರಿಂಟಿಗೆ ಹೋಗುತ್ತೆ. ಸುಮ್ನೆ ಚೆಕ್ ಮಾಡೋಣ ಅಂತ ಹಳೇ ರೆಕಾರ್ಡಿಂಗ್‌ನೆಲ್ಲ ಹೊಸ ಸಾಫ್ಟ್‌ವೇರ್‌ಗೆ ಹಾಕಿದ್ದೆ. ಒಂದ್ ಸೆಂಟೆನ್ಸ್ ಮ್ಯಾಚ್ ಆಗ್ತಿಲ್ಲ."

ಈ ಸಾಫ್ಟ್‌ವೇರನ್ನು ನಾನು ಬಾಯಿ ತುಂಬ ಬೈದವಳು. ನಾವು ಕಾಲಿನಿಂದ ಪೆಡಲ್ ಒತ್ತಿ ಕ್ಯಾಸೆಟ್ ಹಿಂದೆ ಮುಂದೆ ಮಾಡಿ ಬರೆದವರು. ಅದಕ್ಕೆ ಮೌನ ಕೇಳಿಸುವುದಿಲ್ಲ, ಐನು ಮಾತು ಬಂದರೆ ಬಾಯಿಗೆ ಬಂದದ್ದು ಬರೆಯುತ್ತದೆ ಎಂದೆಲ್ಲ ಅಂದಿದ್ದೆ. ಆದರೆ ಅದಕ್ಕೆ ಯಾರ ಮೇಲೂ ಕನಿಕರವಿಲ್ಲ, ಹಾಗಾಗಿ ಹೇಳಿದ್ದನ್ನು ಹೇಳಿದಂತೆ ಬರೆದಿತ್ತು. ಪಲ್ಲವಿ ಗುಂಡಿ ಒತ್ತಿದಳು. ಕಿಕು-ಸಾನ್ ಧ್ವನಿ ನನ್ನ ಅಡುಗೆಮನೆಯಲ್ಲಿ ಬಂತು: ನಾನೇ ತಗೊಂಡ್ ಹೋದೆ. ನಾನೇ ಒಲೆಗೆ ಹಾಕ್ದೆ.

ರವೆ ಸೀದ ವಾಸನೆ ಬಂತು. ನಮ್ಮವರು ಬಂದು ಒಲೆ ಆರಿಸಿದರು.

"ಇದು ನಿಮ್ಗೆ ಗೊತ್ತಿತ್ತಾ ಆಂಟಿ?" ಎಂದಳು ಪಲ್ಲವಿ. ಗೊತ್ತಿತ್ತು ಎಂದೆ. ಅವಳು, "ಒಂದೇ ಸೆಂಟೆನ್ಸ್ ಅಲ್ವಾ? ನಾವೇ ತಿದ್ದಿ ಕಳಿಸ್ಬಿಡೋಣ. ಯಾರಿಗೂ ಗೊತ್ತಾಗಲ್ಲ" ಎಂದಳು, ನನ್ನ ಮೇಲಿನ ಪ್ರೀತಿಗೆ. ಹೇಗೆ ತಿದ್ದುವುದು? ಓದಿ ಒಪ್ಪಿಸದೆ ಮತ್ತೆ ನಾನೇ ತಿದ್ದಿದರೆ ಅದೇ ತಪ್ಪು ಎರಡನೆಯ ಸಲ. ಕಿಕು-ಸಾನ್ ಶರತ್ಕಾಲದಿಂದ ವೃದ್ಧರ ಆರೈಕೆ ಕೇಂದ್ರದಲ್ಲಿದ್ದರು, ಹೃದಯ ಸೋತಿತ್ತು. ಅವರು ತಮ್ಮ ಮಾತನ್ನು ತಾವು ಕೇಳದೆ ಹೋಗಿಬಿಟ್ಟರೆ? ಎಂಟನೆಯ ವಯಸ್ಸಿನಿಂದ ಹೊತ್ತುಕೊಂಡದ್ದನ್ನು ಒಬ್ಬಳ ಮುಂದೆ ಇಳಿಸಿದರು, ಆ ಒಬ್ಬಳು ನಾನು, ನಾನು ಅದನ್ನು ಒರೆಸಿಬಿಟ್ಟಿದ್ದೆ.

ಹಾಯಾಶಿ-ಸಾನ್‌ಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ಯಾವ ಕಾಲವಾಗಿತ್ತೋ. ಎಲ್ಲ ಹೇಳಿದೆ. ಆ ಕಡೆಯಿಂದ ನಿಧಾನವಾಗಿ ಬಂತು: "ಶಾಂತಾ-ಸಾನ್, ಅದು ಸ್ವಲ್ಪ..." ನಾನು ಕಣ್ಣು ಮುಚ್ಚಿಕೊಂಡೆ. ಈ ಸಲ ಅವರು ಮೂರು ದಿನ ಕಾಯಿಸಲಿಲ್ಲ. "ನಾಳೆಯೇ ಹೋಗಿ" ಎಂದರು.

ಮಿಚಿಕೊ-ಸಾನ್‌ಗೂ ಮಾಡಿದೆ. ಒಂದು ವಾಕ್ಯ ಮತ್ತೆ ಓದಬೇಕಿದೆ ಎಂದಷ್ಟೇ ಹೇಳುವ ಧೈರ್ಯ ಬಂತು. "ಬರೋದಾದ್ರೆ ಬೇಗ ಬನ್ನಿ. ಡಾಕ್ಟರು ಏನೂ ಹೇಳೋಕಾಗಲ್ಲ ಅಂತಿದಾರೆ" ಎಂದರು. ಊರೂರು ಸುತ್ತಿ ಮಕ್ಕಳಿಗೆ ಹೇಳಿದ್ದು ಹಾಗಲ್ಲ ಎಂದು ಅವರಿಗೆ ನಾನೇ ಹೇಳಬೇಕಿತ್ತು.

ಆಮೇಲೆ ಉರಯಾಸುವಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಮನೆಯಲ್ಲಿ ಅಪ್ಪನ ಮಾತ್ರೆ ನೋಡಿಕೋ ಎನ್ನಲು ಮಾಡಿದ್ದು, ಬಾಯಿಂದ ಬಂದದ್ದು ಓಲೆಯ ಕಥೆ. ಸ್ಕೂಲಿನವರು ಬಿಚ್ಚಿಸಿದ್ದಲ್ಲ, ನಾನೇ ಬಿಚ್ಚಿದ್ದು ಎಂದೆ. ಮೇಘನಾ ನಕ್ಕಳು.

"ಐ ನೋ, ಅಮ್ಮಾ. ಮೊದಲ್ನೇ ದಿನ ಸೆನ್ಸೇ ನನ್ನ ಕೇಳಿದ್ರು, ಇಂಟರ್ವ್ಯೂಗೆ ಬಂದಾಗ ಹಾಕೊಂಡಿದ್ ಕಿರಾಕಿರಾ ಓಲೆ ಎಲ್ಲಿ ಅಂತ."

"ಮತ್ತೆ ಯಾಕೆ ಇಷ್ಟ್ ವರ್ಷ ಹೇಳ್ಲಿಲ್ಲ?"

"ನೀನ್ ಅಜ್ಜಿಗೆ ಹಾಗ್ ಹೇಳ್ತಿದ್ಯಲ್ಲ. ನಿಂಗೆ ಅದು ಬೇಕಿತ್ತು ಅನ್ಸುತ್ತೆ."

ಮುಖ ಎಲ್ಲಿಡಲಿ ನಾನು? ಅಮ್ಮನಿಗೆ ಈಗ ಹೇಳುವಂತಿಲ್ಲ. ಮರುದಿನ ಬೆಳಿಗ್ಗೆ ಪಲ್ಲವಿಯ ಜೊತೆ ವಿಮಾನ ಹತ್ತಿದೆ. ಚೀಲದಲ್ಲಿ ಪ್ರೂಫ್ ಎರಡು ಪ್ರತಿ, ರೆಕಾರ್ಡರ್ ಎರಡು, ಬ್ಯಾಟರಿ ಎಂಟು. ದೀಪಾವಳಿಗೆ ಫ್ಲ್ಯಾಟಿನ ಹೊಗೆ ಅಲಾರಮ್ಮಿಗೆ ಹೆದರಿ ನಾವು ಹಚ್ಚುವ ಬ್ಯಾಟರಿ ಹಣತೆಯನ್ನೂ ಇಟ್ಟುಕೊಂಡಿದ್ದೆ, ಬೇಕಾಗಬಹುದು ಎಂದು. ಹಿಮ ಬಿದ್ದು ರೈಲು ಒಂದೂವರೆ ಗಂಟೆ ನಿಂತಿತು. ಕಿಟಕಿಯ ಹೊರಗೆ ನೋಡುತ್ತಾ ಅವರು ಇರಲಪ್ಪ, ಇರಲಪ್ಪ ಎಂದುಕೊಳ್ಳುತ್ತಿದ್ದೆ. ಪಲ್ಲವಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಇದ್ದರು. ಹಾಸಿಗೆಯಲ್ಲಿ ಮಗುವಿನಷ್ಟಾಗಿದ್ದರು, ಕಣ್ಣು ಮಾತ್ರ ಹಾಗೇ. ಮಿಚಿಕೊ-ಸಾನ್ ಕಾಫಿ ತರಲು ಹೊರಗೆ ಹೋದಾಗ ನಾನು ಮಂಚದ ಪಕ್ಕ ನೆಲಕ್ಕೆ ಕೂತು ಹಣೆ ಮುಟ್ಟಿಸಿದೆ. ಕಣ್ಣೀರು ತಡೆಯಲಾಗಲಿಲ್ಲ.

"ನಿಮ್ಮ ಮಾತನ್ನ ನಾನು ತೆಗೆದುಬಿಟ್ಟೆ, ಕಿಕು-ಸಾನ್. ತಪ್ಪಾಯ್ತು."

"ಗೊತ್ತು. ನಾನೂ ಸುಮ್ನಿದ್ದೆನಲ್ಲ" ಎಂದರು, ಉಸಿರು ತೆಗೆದುಕೊಳ್ಳುತ್ತಾ. "ಮಗಳ ಮುಂದೆ ಹೆದರಿಕೆ ಆಯ್ತು. ಆದ್ರೆ ಒಲೆ ಉರೀತಿತ್ತು. ಬೆಂಕಿ ಅಜ್ಜಿ ಆ ಸುಳ್ಳನ್ನೇ ಕೇಳಿಸ್ಕೊಂಡ್ಳು. ಈಗ ಫುಚಿ ಹತ್ರ ಹೋಗೋ ಹೊತ್ತು. ಅವಳಿಗೆ ಯಾವ ಮಾತು ಮುಟ್ಟಿರುತ್ತೋ." ಅವರಿಗಿದ್ದ ಚಿಂತೆ ಪುಸ್ತಕದ್ದಲ್ಲ. ನಿಜವಾದ ಮಾತನ್ನು ಬೆಂಕಿಯ ಮುಂದೆ ಓದಿ, ಆಮೇಲೆ ಅಚ್ಚಿಗೆ ಕೊಡಿ ಎಂದರು. ಮಗಳೂ ಇರಲಿ ಎಂದರು.

ಆರೈಕೆ ಕೇಂದ್ರದಲ್ಲಿ ಬೆಂಕಿ ಎಲ್ಲಿ? ಬೆಂಕಿಕಡ್ಡಿ ಗೀರಿದರೆ ಮೇಲಿನಿಂದ ನೀರು ಸುರಿಯುವ ಕಟ್ಟಡ ಅದು. ನಾನು ದೊಡ್ಡ ಜಾಣೆಯ ಹಾಗೆ ಬ್ಯಾಟರಿ ಹಣತೆ ತೆಗೆದು ಹೊತ್ತಿಸಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: "ಇದಕ್ಕೆ ಕಿವಿ ಇದ್ಯಾ?" ಪಲ್ಲವಿ ಕಿಸಕ್ಕನೆ ನಕ್ಕಳು. ಕಿಕು-ಸಾನ್ ಕೂಡ ನಕ್ಕು ಕೆಮ್ಮಿದರು. ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸಮ್ಮ, ಐವತ್ತು ದಾಟಿದ ಹೆಂಗಸು, ಬಾಗಿಲು ಮುಂದೆ ಮಾಡಿ ಮೆತ್ತಗೆ ಹೇಳಿದರು: "ಬಟ್ಟೆ ಒಗೆಯೋ ಕೋಣೆ ಹಿಂದೆ ನಾವು ಸಿಗರೇಟ್ ಸೇದೋ ಜಾಗ ಇದೆ. ಅಲ್ಲಿ ಅಲಾರಂ ಇಲ್ಲ. ಹತ್ತು ನಿಮಿಷ, ಅಷ್ಟೇ."

ಪಲ್ಲವಿ ಎದುರಿನ ಕೊಂಬಿನಿ ಅಂಗಡಿಗೆ ಓಡಿ ಒಂದು ಸಣ್ಣ ಲೋಟ ಅಕ್ಕಿ ಮದ್ಯ, ಮರದ ಊಟದ ಕಡ್ಡಿಗಳನ್ನು ತಂದಳು. ಅಷ್ಟರಲ್ಲಿ ಮಿಚಿಕೊ-ಸಾನ್ ಕಾಫಿ ಹಿಡಿದು ಬಂದರು. ಕಿಕು-ಸಾನ್‌ಗೆ ಮೂರು ಕಂಬಳಿ ಸುತ್ತಿ ಗಾಲಿಕುರ್ಚಿಯಲ್ಲಿ ಹಿಂಬಾಗಿಲಿನಿಂದ ಹೊರಗೆ ತಂದೆವು. ಇಳಿಜಾರು ಸೂರಿನ ಕೆಳಗೆ ಮರಳು ತುಂಬಿದ ತಗಡಿನ ಡಬ್ಬ, ಅದರ ತುಂಬ ಸಿಗರೇಟು ತುಂಡುಗಳು. ನರ್ಸಮ್ಮ ಅವನ್ನು ಬಳಿದು ತೆಗೆದು, ಹಳೆಯ ಪೇಪರ್ ಹೊಸೆದು, ಊಟದ ಕಡ್ಡಿ ಮುರಿದು ಜೋಡಿಸಿ ಲೈಟರಿನಿಂದ ಹಚ್ಚಿದರು. ಕಿಕು-ಸಾನ್ ಒಂದು ಕಡ್ಡಿಯ ತುದಿ ಅದ್ದಿ ಮೂರು ಹನಿ ಬಿಟ್ಟರು. ತಮ್ಮ ಮಾತಿನಲ್ಲಿ ಏನೋ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಓದಿ" ಎಂದರು.

ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಮನೆಗಳಲ್ಲಿ ಓದಿದ್ದೇನೆ, ಸಿಗರೇಟ್ ಡಬ್ಬದ ಮುಂದೆ ನಿಂತು ಓದಿದ್ದು ಅವತ್ತೇ. ಓದಿದೆ. "ನಾನೇ ತೆಗೆದುಕೊಂಡು ಹೋದೆ. ನಾನೇ ಒಲೆಗೆ ಹಾಕಿದೆ. ಯಾರೂ ನನ್ನ ಕೈ ಹಿಡಿಯಲಿಲ್ಲ. ನನಗೆ ಕೆಂಪು ಹೂವು ಬೇಕಿತ್ತು."

ಮಿಚಿಕೊ-ಸಾನ್ ಕಾಫಿಯ ಲೋಟವನ್ನು ಕೆಳಗಿಟ್ಟರು.

"ಅಮ್ಮ, ಮೇಷ್ಟ್ರಲ್ವಾ?"

"ಹೇಳಿದ್ದು ಮೇಷ್ಟ್ರು. ಹಾಕಿದ್ದು ನಾನು."

"ಎಷ್ಟ್ ಶಾಲೆಗಳಲ್ಲಿ ಹೇಳಿದೀನಿ ನಾನು! ಎಷ್ಟ್ ಮಕ್ಕಳ ಮುಂದೆ!" ಆಮೇಲೆ ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತು?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಪಕ್ಕ ಕೂತು ಅದನ್ನ ಓದಿದ್ರಿ."

ಹೌದು ಎಂದೆ. ಅವರು ಗೋಡೆಯ ಕಡೆ ಮುಖ ಮಾಡಿ ನಿಂತರು. ಡಬ್ಬದಲ್ಲಿ ಉರಿ ಸಣ್ಣಗಾಗುತ್ತಾ ಬಂತು. ನರ್ಸಮ್ಮ ಗಡಿಯಾರ ನೋಡಿಕೊಂಡರು. ಆಗ ಮಿಚಿಕೊ-ಸಾನ್ ತಿರುಗಿ ಬಂದು, ಯಾರನ್ನೂ ನೋಡದೆ, ಪಲ್ಲವಿಯ ಕೈಯಿಂದ ಎರಡು ಕಡ್ಡಿ ತೆಗೆದುಕೊಂಡು ಮುರಿದು ಬೆಂಕಿಗೆ ಹಾಕಿದರು. ಅಮ್ಮನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಮುಂದೆ ಓದಿ" ಎಂದರು.

"ಇನ್ನೊಂದಿದೆ" ಎಂದರು ಕಿಕು-ಸಾನ್. "ಟೇಪಿನಲ್ಲಿಲ್ಲ. ಶಾಂತಾ-ಸಾನ್‌ಗೂ ಹೇಳಿರ್ಲಿಲ್ಲ. ಬರ್ಕೊಳ್ಳಿ." ಕಂಬಳಿಯೊಳಗಿಂದ ಎರಡೂ ಕೈ ಹೊರಗೆ ತೆಗೆದು ಉರಿಯ ಮೇಲೆ ಹಿಡಿದರು. ಹೇಳಲು ತುಂಬ ಹೊತ್ತು ಹಿಡಿಯಿತು. ಪ್ರೂಫಿನ ಅಂಚಿನಲ್ಲಿ ಅವರು ಹೇಳಿದಷ್ಟನ್ನೇ, ಒಂದು ಅಕ್ಷರ ಕೂಡಿಸದೆ, ಕಳೆಯದೆ ಬರೆದುಕೊಂಡೆ. ಆಮೇಲೆ ಗಟ್ಟಿಯಾಗಿ ಓದಿ ಒಪ್ಪಿಸಿದೆ:

"ಆ ದಿನ ಶಾಲೆಯಲ್ಲಿ ತುಂಬ ಚಳಿಯಿತ್ತು. ನಮ್ಮ ದೇವರು ಚೆನ್ನಾಗಿ ಉರಿಯಿತು. ಎಲ್ಲ ಮಕ್ಕಳ ಜೊತೆ ನಾನೂ ಕೈ ಕಾಯಿಸಿಕೊಂಡೆ."

"ಹಾಂ. ಅದೇ" ಎಂದರು ಕಿಕು-ಸಾನ್. ನಾನು ಸಹಿ ಹಾಕಿದೆ.